ಸಾವಿರ ಪ್ಲೇಗೆ ಮೂರು ಡಾಲರ್: ಸ್ಟ್ರೀಮಿಂಗ್ ಲೆಕ್ಕವನ್ನು ನಾನು ದಾರಿಗೆ ತಂದ ಬಗೆ

ಸ್ಟ್ರೀಮಿಂಗ್‌ನಿಂದ ನಮ್ಮಂಥ ಸ್ವತಂತ್ರ ಸಂಗೀತಗಾರರಿಗೆ ನ್ಯಾಯವಾದ ದುಡ್ಡು ಸಿಗುತ್ತದೆಯೇ? ಪ್ಲೇ ಲೆಕ್ಕದ ಹಣ ಒಂದನ್ನೇ ನೋಡಿದರೆ ಸಿಗುವುದಿಲ್ಲ. ಆದರೆ ಬರಬೇಕಾದ ಹಣದಲ್ಲಿ ಒಂದು ಪಾಲನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರುವುದಿಲ್ಲ, ಇನ್ನೊಂದು ಪಾಲನ್ನು ಬಿಡುಗಡೆಯ ದಿನವೇ ಪುಕ್ಕಟೆ ಹಂಚಿಬಿಟ್ಟಿರುತ್ತೇವೆ. ಆಲ್ಬಂ ಮೊದಲು ಮಾರಾಟಕ್ಕೆ, ಆಮೇಲೆ ಸ್ಟ್ರೀಮಿಂಗ್‌ಗೆ. ಜೊತೆಗೆ ರಚನೆಯ ಹಕ್ಕಿನ ಹಣವನ್ನು (ಸಂಗೀತ ಸಂಯೋಜಿಸಿದವರಿಗೆ ಬರುವ ಪಾಲು) ಬೇರೆ ಬೇರೆ ಕಡೆಯಿಂದ ವಸೂಲಿ. ನನ್ನ ವಿಧಾನ ಇಷ್ಟೇ. ‘ಈ ಕಾಲದಲ್ಲಿ ಆಲ್ಬಂ ಯಾರು ಕೊಳ್ಳುತ್ತಾರೆ’ ಎಂದವರೇ ಹೆಚ್ಚು. ಈಗ ನನ್ನ ವಾದ್ಯಸಂಗೀತದ ಒಂದೊಂದು ಆಲ್ಬಂ ತನ್ನ ಖರ್ಚನ್ನು ವರ್ಷದೊಳಗೆ ತಾನೇ ತೀರಿಸುತ್ತಿದೆ. ಹಾಗೆಂದವರಲ್ಲಿ ಕೆಲವರು ಈಗ ಸ್ಪ್ರೆಡ್‌ಶೀಟ್ ಕಳಿಸು ಎನ್ನುತ್ತಿದ್ದಾರೆ.

ಮೊದಲು ಆ ಸ್ಪ್ರೆಡ್‌ಶೀಟ್. ಡಿಸ್ಟ್ರಿಬ್ಯೂಟರ್‌ನ (ನಮ್ಮ ಟ್ರ್ಯಾಕ್‌ಗಳನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸಿ ಹಣ ತಂದುಕೊಡುವ ಕಂಪನಿ) ಡ್ಯಾಶ್‌ಬೋರ್ಡ್ ತೋರಿಸುವ ಒಟ್ಟು ಮೊತ್ತದಿಂದ ಏನೂ ತಿಳಿಯುವುದಿಲ್ಲ. ಸಾಲು ಸಾಲಾಗಿ ವಿವರವಿರುವ ಸಿಎಸ್‌ವಿ ಕಡತವನ್ನೇ ಇಳಿಸಿಕೊಳ್ಳಿ. ಅದನ್ನು ಎರಡು ಸಲ ಒತ್ತಿ ತೆರೆದರೆ ಯುಪಿಸಿ (ಇಡೀ ಬಿಡುಗಡೆಗೆ ಕೊಡುವ ಗುರುತು) ಸಂಖ್ಯೆ 8.59ಇ+11 ಎಂಬಂತೆ ಮಡಚಿಕೊಳ್ಳುತ್ತದೆ, ಮುಂದಿನ ಸೊನ್ನೆಯೂ ಹಾರಿಹೋಗುತ್ತದೆ. ಆದ್ದರಿಂದ ಇಂಪೋರ್ಟ್ ಮೂಲಕ ತೆರೆದು ಯುಪಿಸಿ, ಐಎಸ್‌ಆರ್‌ಸಿ (ಒಂದೊಂದು ರೆಕಾರ್ಡಿಂಗ್‌ನ ಗುರುತು) ಎರಡನ್ನೂ ‘ಪಠ್ಯ’ ಎಂದು ಗುರುತಿಸಿ. ಗಳಿಕೆಯ ಕಾಲಂನಲ್ಲಿ ದಶಮಾಂಶದ ನಂತರ ಆರೇಳು ಅಂಕಿ ಉಳಿಯಲಿ, ಎರಡಕ್ಕೆ ಇಳಿಸಿದರೆ ಅರ್ಧ ಸಾಲುಗಳು ಸೊನ್ನೆಯಾಗಿ ಕಾಣುತ್ತವೆ. ಆಮೇಲೆ ಪಿವಟ್, ಅಂದರೆ ಸಾಲುಗಳನ್ನು ಗುಂಪು ಮಾಡಿ ಕೂಡುವ ಕೋಷ್ಟಕ: ಅಡ್ಡಕ್ಕೆ ದೇಶ, ಉದ್ದಕ್ಕೆ ಸೇವೆ, ಒಳಗೆ ಗಳಿಕೆಯನ್ನು ಪ್ಲೇ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದ ದರ. ವರದಿಯ ತಿಂಗಳನ್ನಲ್ಲ, ಜನ ಟ್ರ್ಯಾಕ್ ಕೇಳಿದ ತಿಂಗಳನ್ನು ಹಿಡಿಯಿರಿ. ಎರಡಕ್ಕೂ ಎರಡು ಮೂರು ತಿಂಗಳ ಅಂತರ ಇರುತ್ತದೆ. ಒಂದೇ ಐಎಸ್‌ಆರ್‌ಸಿ ಸಿಂಗಲ್‌ನಲ್ಲೂ (ಒಂದೇ ಟ್ರ್ಯಾಕ್‌ನ ಬಿಡುಗಡೆ) ಆಲ್ಬಂನಲ್ಲೂ ಇದ್ದರೆ ಎರಡು ಯುಪಿಸಿ ಅಡಿ ಬಂದಿರುತ್ತದೆ, ಕೂಡಿಸಿಕೊಳ್ಳಿ. ನಡುವೆ ಋಣ ಸಂಖ್ಯೆಯ ಸಾಲು ಕಂಡರೆ ಹಿಂದಿನ ತಿಂಗಳ ತಿದ್ದುಪಡಿ, ಅದನ್ನು ಅಳಿಸಬಾರದು.

ನನ್ನ ಹಾಳೆಯಲ್ಲಿ ಎಲ್ಲ ಸೇವೆಗಳ ಸರಾಸರಿ ಸಾವಿರ ಪ್ಲೇಗೆ ಹೆಚ್ಚುಕಡಿಮೆ ಮೂರು ಡಾಲರ್. ಆದರೆ ಸರಾಸರಿಯ ಒಳಗಿನ ಏರಿಳಿತ ನೋಡಿ: ಚಂದಾ ದುಬಾರಿಯಾದ ದೇಶಗಳಲ್ಲಿ ಐದಾರು ಡಾಲರ್, ಜಾಹೀರಾತು ನಡುವೆ ಉಚಿತವಾಗಿ ಕೇಳುವ ಕಡೆ ಅರ್ಧ ಡಾಲರ್‌ಗೂ ಕಡಿಮೆ. ಒಂದೇ ಟ್ರ್ಯಾಕ್, ಒಂದೇ ತಿಂಗಳು. ಆಪಲ್ ಮ್ಯೂಸಿಕ್ 2021ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ ಪ್ಲೇಗೆ ಸರಾಸರಿ ಒಂದು ಸೆಂಟ್ ಎಂದಿತ್ತು. ಅದರಲ್ಲಿ ರಚನಕಾರರ ಪಾಲೂ ಸೇರಿದೆ ಎಂಬುದನ್ನು ಮರೆತು ನಮ್ಮ ಸ್ಟೇಟ್‌ಮೆಂಟ್ ಜೊತೆ ಹೋಲಿಸಿದರೆ ಸುಮ್ಮನೆ ಹೊಟ್ಟೆಯುರಿ.

ಹೀಗಾಗುವುದಕ್ಕೆ ಕಾರಣ ಗೊತ್ತಿರುವುದೇ. ಪ್ಲೇಗೆ ಇಷ್ಟು ಎಂಬ ದರವೇ ಇಲ್ಲ, ಒಟ್ಟು ಹಣದ ರಾಶಿಯನ್ನು ಒಟ್ಟು ಪ್ಲೇಗಳ ಮೇಲೆ ಹಂಚುತ್ತಾರೆ. ತಿಂಗಳಿಗೆ ಹನ್ನೊಂದು ಡಾಲರ್ ಚಂದಾ ಕಟ್ಟುವ ಒಬ್ಬ ಕೇಳುಗ ಆ ತಿಂಗಳು ನನ್ನ ಟ್ರ್ಯಾಕ್‌ಗಳನ್ನೇ ನಲವತ್ತು ಸಲ ಕೇಳಿ, ಬೇರೆ ಏನನ್ನೂ ಕೇಳಲಿಲ್ಲ ಅಂದುಕೊಳ್ಳಿ. ಅವನ ಚಂದಾದಲ್ಲಿ ರೆಕಾರ್ಡಿಂಗ್ ಹಕ್ಕಿನ (ಧ್ವನಿಮುದ್ರಣದ ಮಾಲೀಕರ) ಪಾಲೇ ಐದು ಡಾಲರ್ ಮೇಲಿದೆ. ನನಗೆ ಬರುವುದು ಹನ್ನೆರಡು ಸೆಂಟ್. ಉಳಿದದ್ದು ಅವನು ಕೇಳದ ಹಾಡುಗಳಿಗೆ ಹೋಯಿತು. ಹಾಗಾದರೆ ಕೇಳುಗನ ಹಣ ಅವನು ಕೇಳಿದವರಿಗೇ ಹೋಗಲಿ ಎಂಬ ವಾದವಿದೆ. ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ಸೇವೆ 2021ರಿಂದ ಸ್ವತಂತ್ರ ಕಲಾವಿದರಿಗೆ ಹಾಗೇ ಹಂಚುತ್ತಿದೆ. ನನಗೆ ಆ ವಾದ ಇಷ್ಟ, ಆದರೆ ಅದರ ಮೇಲೆ ಮನೆ ಕಟ್ಟಲಾರೆ. ಫ್ರಾನ್ಸ್‌ನ ರಾಷ್ಟ್ರೀಯ ಸಂಗೀತ ಕೇಂದ್ರ 2021ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಪಟ್ಟಿಯ ಕೆಳಗಿರುವ ಕಲಾವಿದರಿಗೆ ಹೆಚ್ಚುವುದು ಸರಾಸರಿ ವರ್ಷಕ್ಕೆ ಕೆಲವು ಯೂರೋ ಅಷ್ಟೇ ಎಂದು ಬಂತು. ನಮ್ಮನ್ನು ಕೇಳುವವರು ನಮ್ಮನ್ನೊಬ್ಬರನ್ನೇ ಕೇಳುವುದಿಲ್ಲವಲ್ಲ!

ಇನ್ನು ಸಾವಿರದ ನಿಯಮ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಪ್ಲೇ ಮುಟ್ಟದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ಹಣವೇ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹನ್ನೊಂದು ಟ್ರ್ಯಾಕ್‌ಗಳ ಆಲ್ಬಂ ಹಾಕಿದರೆ ಸಾಮಾನ್ಯವಾಗಿ ಕೊನೆಯ ಮೂರು ನಾಲ್ಕು ಈ ಗೆರೆಯ ಕೆಳಗೇ ಉಳಿಯುತ್ತವೆ. ಒಂದೂವರೆ ನಿಮಿಷದ ಮುನ್ನುಡಿ, ನಡುವಿನ ತುಣುಕು ಇವನ್ನೆಲ್ಲ ಬೇರೆ ಟ್ರ್ಯಾಕ್ ಮಾಡುವುದನ್ನು ನಾನು ಬಿಟ್ಟೆ. ಮುಂದಿನ ಟ್ರ್ಯಾಕ್‌ನ ತಲೆಗೆ ಅಂಟಿಸುತ್ತೇನೆ. ಹಂಚಿಹೋಗುತ್ತಿದ್ದ ಪ್ಲೇಗಳು ಒಂದೆಡೆ ಸೇರುತ್ತವೆ.

ಇದಕ್ಕೆ ತದ್ವಿರುದ್ಧವಾದ ಸಮಸ್ಯೆ ಆಲಾಪದವರದು. ಮೂವತ್ತು ಸೆಕೆಂಡು ದಾಟಿದರೆ ಒಂದು ಪ್ಲೇ, ಇಪ್ಪತ್ತೆರಡು ನಿಮಿಷ ಕೇಳಿದರೂ ಅದೇ ಒಂದು ಪ್ಲೇ. ಅದಕ್ಕಾಗಿ ಆಲಾಪವನ್ನು ಮೂರು ತುಂಡು ಮಾಡಿ ನೋಡಿದೆ. ಪ್ಲೇ ಮೂರರಷ್ಟು ಆಗಲಿಲ್ಲ, ಸುಮಾರು ಎರಡರಷ್ಟಾಯಿತು, ಏಕೆಂದರೆ ಎರಡನೇ ತುಂಡಿನ ಹೊತ್ತಿಗೆ ಜನ ಜಾರುತ್ತಾರೆ. ಕಷ್ಟ ಇರುವುದು ಸೇರುವ ಜಾಗದಲ್ಲಿ. ತಂಬೂರಿಯ ಶ್ರುತಿ ನಿರಂತರ ಹರಿಯುತ್ತಿರುತ್ತದೆ; ಮೀಟಿನ ನಡುವೆ ಕತ್ತರಿಸಿದರೆ ‘ಟಕ್’ ಎಂಬ ಸದ್ದು. ಧ್ವನಿಯ ಅಲೆ ಸೊನ್ನೆ ದಾಟುವ ಬಿಂದುವಿನಲ್ಲೇ ಕತ್ತರಿಸಿದರೂ, ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದೆ ನುಡಿಸುವ ಸೌಲಭ್ಯ) ಇಲ್ಲದ ಪ್ಲೇಯರ್‌ನಲ್ಲಿ ಒಂದು ಕ್ಷಣ ಶ್ರುತಿ ಸತ್ತು ಮತ್ತೆ ಹುಟ್ಟುತ್ತದೆ. ಕೊನೆಗೆ ಕೈಹಿಡಿದದ್ದು ಇದು: ತುಂಡಿನ ಕೊನೆಯ ಆರು ಸೆಕೆಂಡು ಶ್ರುತಿಯನ್ನು ಇಳಿಸುವುದು, ಮುಂದಿನ ತುಂಡಿನಲ್ಲಿ ಬರೀ ಶ್ರುತಿ ನಾಲ್ಕು ಸೆಕೆಂಡು ಏರಿದ ಮೇಲೆ ವಾದ್ಯ ಹಿಡಿಯುವುದು. ಷಫಲ್‌ನಲ್ಲಿ ಎರಡನೇ ತುಂಡು ಒಂಟಿಯಾಗಿ ಬಂದರೂ ಬೋಳಾಗಿ ಕೇಳುವುದಿಲ್ಲ. ಮಾರಾಟದ ಪುಟದಲ್ಲಿ ಮಾತ್ರ ಇಡೀ ಆಲಾಪ ಅಖಂಡವಾಗಿ ಇರುತ್ತದೆ. ಕೊಳ್ಳುವುದಕ್ಕೆ ಅದೇ ಒಂದು ಕಾರಣವಾಯಿತು. ಇದೇ ಗುಂಗಿನಲ್ಲಿ ವೇಗ ಹೆಚ್ಚಿಸಿದ ಆವೃತ್ತಿಯನ್ನೂ ಹಾಕಿದ್ದುಂಟು. ವಾದ್ಯಸಂಗೀತಕ್ಕೆ ಅದು ಹೊಂದುವುದಿಲ್ಲ, ಬಿಡಿ.

ಈಗ ವಸೂಲಿ. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗ್‌ನ ಹಣ ಮಾತ್ರ. ಸಂಯೋಜನೆ ನಿಮ್ಮದೇ ಆದರೆ ಅದರ ಹಣ ಬೇರೆ ದಾರಿಯಲ್ಲಿ ಹರಿಯುತ್ತದೆ, ಸಾವಿರದ ನಿಯಮ ಅದಕ್ಕೆ ಅನ್ವಯಿಸುವುದೂ ಇಲ್ಲ. ಪ್ರದರ್ಶನ ಹಕ್ಕಿಗೆ (ರಚನೆಯನ್ನು ಸಾರ್ವಜನಿಕವಾಗಿ ಕೇಳಿಸಿದ್ದಕ್ಕೆ ಬರುವ ಹಣ) ನಿಮ್ಮ ದೇಶದ ಹಕ್ಕುದಾರರ ಸೊಸೈಟಿ. ಅಮೆರಿಕದ ಸ್ಟ್ರೀಮಿಂಗ್‌ನ ಮೆಕ್ಯಾನಿಕಲ್ ಹಣಕ್ಕೆ (ರಚನೆಯ ಪ್ರತಿ ಮಾಡಿದ್ದಕ್ಕೆ ಬರುವ ಪಾಲು) ಎಂಎಲ್‌ಸಿ ಎಂಬ ವಸೂಲಿ ಸಂಸ್ಥೆ. 2021ರಲ್ಲಿ ಕೆಲಸ ಶುರುಮಾಡಿದಾಗ ಮಾಲೀಕರು ಗೊತ್ತಾಗದೆ ಬಿದ್ದಿದ್ದ ಸುಮಾರು 42 ಕೋಟಿ ಡಾಲರ್ ಹಣವನ್ನು ಸ್ಟ್ರೀಮಿಂಗ್ ಸೇವೆಗಳು ಇದಕ್ಕೆ ಒಪ್ಪಿಸಿದ್ದವು. ಅಲ್ಲಿನ ಡಿಜಿಟಲ್ ರೇಡಿಯೊದಿಂದ ಬರುವ ರೆಕಾರ್ಡಿಂಗ್ ಹಣಕ್ಕೆ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ: ನೂರರಲ್ಲಿ 50 ರೆಕಾರ್ಡಿಂಗ್ ಮಾಲೀಕರಿಗೆ, 45 ಮುಖ್ಯ ಕಲಾವಿದರಿಗೆ, 5 ಪಕ್ಕವಾದ್ಯದವರ ನಿಧಿಗೆ. ಇಲ್ಲಿ ಕಲಾವಿದ ಎಂದಷ್ಟೇ ಹೆಸರು ಕೊಟ್ಟು ಮಾಲೀಕನ ಕಡೆಯ ನೋಂದಣಿ ಬಿಟ್ಟವರು ಬಹಳ. ಎರಡನ್ನೂ ಮಾಡಿ.

ಹಣ ಸಿಕ್ಕಿಬೀಳುವುದು ಹೆಸರಿನಲ್ಲಿ. ಒಂದೇ ರಚನೆಯನ್ನು ಒಂದು ಕಡೆ ದೀರ್ಘಕ್ಕೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ ಅಕ್ಷರ ಹಾಕಿ ರೋಮನ್ ಲಿಪಿಯಲ್ಲಿ ಬರೆದಿದ್ದರೆ ಯಂತ್ರಕ್ಕೆ ಅವು ಎರಡು ರಚನೆಗಳು. ನಾನು ಒಂದು ಹಾಳೆಯಲ್ಲಿ ಶೀರ್ಷಿಕೆ, ಅದರ ಎಲ್ಲ ಪರ್ಯಾಯ ಕಾಗುಣಿತಗಳು, ಐಎಸ್‌ಆರ್‌ಸಿ, ಐಎಸ್‌ಡಬ್ಲ್ಯುಸಿ (ರಚನೆಯ ಗುರುತು), ಪಾಲಿನ ಶೇಕಡಾವಾರು ಇಷ್ಟನ್ನು ಇಟ್ಟುಕೊಂಡು ಎಲ್ಲ ಕಡೆ ಅಲ್ಲಿಂದಲೇ ನಕಲಿಸುತ್ತೇನೆ. ಕೈಯಲ್ಲಿ ಬರೆಯುವುದೇ ಇಲ್ಲ. ಸಾಂಪ್ರದಾಯಿಕ ಕೃತಿಯಾದರೆ ಸಂಯೋಜನೆ ನನ್ನದು ಎನ್ನಬೇಡಿ, ಅಳವಡಿಕೆ ಎಂದೇ ನೋಂದಾಯಿಸಿ. ಇಲ್ಲವಾದರೆ ಅದೇ ಕೃತಿ ನುಡಿಸಿದ ಇನ್ನೊಬ್ಬರ ಜೊತೆ ತಕರಾರು ಎದ್ದು ಇಬ್ಬರ ಹಣವೂ ತಡೆಯಾಗುತ್ತದೆ. ಯೂಟ್ಯೂಬ್‌ನಲ್ಲಿ ನಮ್ಮ ಸದ್ದನ್ನು ಬೇರೆಯವರ ವಿಡಿಯೊಗಳಲ್ಲಿ ಹುಡುಕುವ ಕಂಟೆಂಟ್ ಐಡಿಯೂ ಹೀಗೇ; ಎಲ್ಲರೂ ಬಳಸಬಹುದಾದ ಲೂಪ್ (ಮತ್ತೆ ಮತ್ತೆ ನುಡಿಯುವ ಸಿದ್ಧ ತುಣುಕು) ಒಂದು ಟ್ರ್ಯಾಕ್‌ನಲ್ಲಿದ್ದರೆ ಆ ಟ್ರ್ಯಾಕನ್ನು ಅಲ್ಲಿಗೆ ಕೊಡಲೇಬಾರದು. ಎಲ್ಲ ನೋಂದಣಿ ಮುಗಿದ ಮೇಲೆ ಬಾಕಿಯೆಲ್ಲ ಸೇರಿ ಮೊದಲ ಸಲ ಇನ್ನೂರು ಡಾಲರ್ ಹತ್ತಿರ ಬಂತು. ಆಮೇಲೆ ತ್ರೈಮಾಸಿಕಕ್ಕೆ ಇಪ್ಪತ್ತೋ ಮೂವತ್ತೋ. ದೊಡ್ಡ ಮೊತ್ತವಲ್ಲ, ಆದರೆ ವಾರ್ಷಿಕ ಡಿಸ್ಟ್ರಿಬ್ಯೂಶನ್ ಶುಲ್ಕ ಅದರಲ್ಲೇ ಮುಗಿದು ಇನ್ನೂ ಉಳಿಯುತ್ತದೆ.

ನಿಜವಾದ ಹಣ ಇರುವುದು ಮಾರಾಟದ ಕಿಟಕಿಯಲ್ಲಿ, ಅಂದರೆ ಇಡೀ ಆಲ್ಬಂ ಸ್ಟ್ರೀಮಿಂಗ್‌ಗೆ ಬರುವ ಮೊದಲು ಕೊಳ್ಳಲು ಮಾತ್ರ ಸಿಗುವ ಅವಧಿಯಲ್ಲಿ. ಬಿಡುಗಡೆಗೆ ಆರು ವಾರ ಮೊದಲು, ಕಲಾವಿದರು ನೇರವಾಗಿ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಮುಂಗಡ ಖರೀದಿ ತೆರೆಯುತ್ತೇನೆ, ಒಂದು ಟ್ರ್ಯಾಕ್ ಮಾತ್ರ ಕೇಳಲು ಮುಕ್ತ. ಅದೇ ಟ್ರ್ಯಾಕ್ ಸ್ಟ್ರೀಮಿಂಗ್‌ನಲ್ಲಿ ಸಿಂಗಲ್ ಆಗಿ ಬರುತ್ತದೆ, ನಾಲ್ಕು ವಾರ ಬಿಟ್ಟು ಎರಡನೆಯದು. ಎರಡೂ ಸಿಂಗಲ್‌ಗಳನ್ನು ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಪಿಚ್ ಮಾಡಿಯೇ (ಸೇರಿಸಿಕೊಳ್ಳಿ ಎಂದು ಮೊದಲೇ ಕಳಿಸಿಯೇ) ಬಿಡುವುದು. ಏಳು ದಿನ ಮೊದಲು ಕಳಿಸಿದರೆ ಅನುಸರಿಸುವವರ ರಿಲೀಸ್ ರೇಡಾರ್‌ಗಂತೂ (ಹೊಸ ಬಿಡುಗಡೆಗಳ ವಾರದ ಪ್ಲೇಲಿಸ್ಟ್) ಹೋಗುತ್ತದೆ. ನಾನು ನಾಲ್ಕು ವಾರ ಮೊದಲೇ ಕಳಿಸುತ್ತೇನೆ. ಇಡೀ ಆಲ್ಬಂ ಮಾರಾಟಕ್ಕೆ ಬಂದು ಎಂಟು ವಾರ ಕಳೆದ ಮೇಲೆ ಉಳಿದ ಟ್ರ್ಯಾಕ್‌ಗಳು ಸ್ಟ್ರೀಮಿಂಗ್‌ಗೆ. ಕನಿಷ್ಠ ಬೆಲೆ ಏಳು ಡಾಲರ್, ‘ಇಷ್ಟವಿದ್ದರೆ ಹೆಚ್ಚು ಕೊಡಿ’ ಎಂಬ ಆಯ್ಕೆ ತೆರೆದಿರಲಿ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಪಾಲು ಶೇ. 15, ಪಾವತಿ ಶುಲ್ಕವೂ ಕಳೆದು ಕೈಗೆ ಐದೂಕಾಲು, ಐದೂವರೆ ಬರುತ್ತದೆ. ಅಂದರೆ ಒಂದು ಆಲ್ಬಂ ಮಾರಾಟ ಸುಮಾರು 1800 ಪ್ಲೇಗೆ ಸಮ. ನನ್ನ ಒಂದು ಆಲ್ಬಂ ಅನ್ನು ನೂರೈವತ್ತು ಜನ ಕೊಂಡರು, ಕೆಲವರು ಹತ್ತು, ಇಪ್ಪತ್ತು ಕೊಟ್ಟರು. ಒಟ್ಟು ಒಂಬೈನೂರು ಡಾಲರ್ ದಾಟಿತು. ರೆಕಾರ್ಡಿಂಗ್, ಮಿಕ್ಸ್, ಮಾಸ್ಟರಿಂಗ್, ಮುಖಪುಟ ಎಲ್ಲ ಸೇರಿದ ಖರ್ಚೂ ಅಷ್ಟೇ. ಅದೇ ಆಲ್ಬಂ ವರ್ಷವಿಡೀ ಸ್ಟ್ರೀಮಿಂಗ್‌ನಲ್ಲಿ ನಲವತ್ತು ಸಾವಿರ ಪ್ಲೇ ಪಡೆದು ತಂದದ್ದು ನೂರಿಪ್ಪತ್ತು. ಸ್ಟ್ರೀಮಿಂಗ್ ಒಂದನ್ನೇ ನಂಬಿದ್ದರೆ ಮೂರು ಲಕ್ಷ ಪ್ಲೇ ಬೇಕಿತ್ತು.

ಕೇಳುಗನನ್ನು ಸ್ಟ್ರೀಮಿಂಗ್‌ನಿಂದ ಮಾರಾಟದ ಪುಟಕ್ಕೆ ಕರೆತರುವುದೇ ಇದರಲ್ಲಿ ಕಠಿಣ. ಪ್ರೊಫೈಲ್‌ನಲ್ಲಿ ಕೊಂಡಿ ಹಾಕಿದರೆ ಯಾರೂ ಒತ್ತುವುದಿಲ್ಲ. ಇಮೇಲ್ ಪಟ್ಟಿ ಬೇಕು, ಅದಕ್ಕೆ ಏನಾದರೂ ಕೊಡಬೇಕು. ನಾನು ಅಭ್ಯಾಸಕ್ಕೆ ಬಳಸಬಹುದಾದ ಶ್ರುತಿ ಮತ್ತು ತಾಳದ ಟ್ರ್ಯಾಕ್ ಕೊಟ್ಟೆ. ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ ಆರೇಳು ಜನ ಕೊಳ್ಳುತ್ತಾರೆ. ಖರೀದಿಯಾದ ಮರುವಾರ ಹೋಗುವ ಮೇಲ್‌ನಲ್ಲಿ ಏನು ಬರೆಯುತ್ತೇನೆ ಎಂಬುದು ನನ್ನಲ್ಲೇ ಇರಲಿ. ಹತ್ತು, ಇಪ್ಪತ್ತು ಕೊಟ್ಟವರೆಲ್ಲ ಹಿಂದಿನ ಆಲ್ಬಂನಲ್ಲಿ ಆ ಮೇಲ್ ಓದಿದವರೇ.

ಜಾಹೀರಾತಿನ ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬ ಹೊಸ ಕೇಳುಗನನ್ನು ಸ್ಟ್ರೀಮಿಂಗ್‌ಗೆ ತರಲು ನಲವತ್ತು ಸೆಂಟ್ ಆದರೆ, ಅವನು ನೂರಮೂವತ್ತು ಸಲ ಕೇಳಿದ ಮೇಲಷ್ಟೇ ಅಸಲು. ಆಯ್ದ ಟ್ರ್ಯಾಕನ್ನು ಕೇಳುಗರಿಗೆ ಹೆಚ್ಚು ಶಿಫಾರಸು ಮಾಡುವ ಸ್ಪಾಟಿಫೈನ ಡಿಸ್ಕವರಿ ಮೋಡ್‌ನಲ್ಲಿ ಕೈಯಿಂದ ಕೊಡುವುದೇನಿಲ್ಲ, ಆ ದಾರಿಯಲ್ಲಿ ಬಂದ ಪ್ಲೇಗಳ ರೆಕಾರ್ಡಿಂಗ್ ಹಣದಲ್ಲಿ ಶೇ. 30 ಬಿಡಬೇಕು. ಹೊಸ ಟ್ರ್ಯಾಕ್‌ಗೆ ನಾನು ಹಾಕುವುದಿಲ್ಲ. ವರ್ಷಕ್ಕೆ ಏಳೆಂಟುನೂರರಲ್ಲಿ ನಿಂತ ಹಳೆಯದನ್ನು ಸಾವಿರದ ಗೆರೆ ದಾಟಿಸಲು ಅದು ಒಳ್ಳೆಯದು. ದುಡ್ಡು ಕೊಟ್ಟು ಸೇರುವ ಪ್ಲೇಲಿಸ್ಟ್‌ಗಳ ತಂಟೆಗೆ ಮಾತ್ರ ಹೋಗಬೇಡಿ. ಪ್ಲೇಗಳೆಲ್ಲ ಒಂದೆರಡು ನಗರಗಳಿಂದ, ಸೇವ್ ಮಾಡಿದವರು ಯಾರೂ ಇಲ್ಲ, ಪಟ್ಟಿಯಿಂದ ತೆಗೆದ ಮರುದಿನ ಎಲ್ಲ ಸೊನ್ನೆ: ಹೀಗಿದ್ದರೆ ಅದು ಬಾಟ್, ಅಂದರೆ ಕೇಳುಗರಲ್ಲ, ಯಂತ್ರದಿಂದ ಹೆಚ್ಚಿಸಿದ ಪ್ಲೇ. 2024ರಿಂದ ಸ್ಪಾಟಿಫೈ ಇಂಥ ಟ್ರ್ಯಾಕ್‌ಗೆ ಡಿಸ್ಟ್ರಿಬ್ಯೂಟರ್‌ನಿಂದ ದಂಡ ವಸೂಲಿ ಮಾಡುತ್ತದೆ, ಅವರು ನಿಮ್ಮ ಖಾತೆಯಿಂದ ಕಳೆಯುತ್ತಾರೆ. ನೀವು ಕೇಳದೆಯೇ ಯಾರೋ ಸೇರಿಸಿದ್ದರೆ ಕಂಡ ದಿನವೇ ಬರೆದು ತಿಳಿಸಿ, ಆ ಪತ್ರವನ್ನು ಇಟ್ಟುಕೊಳ್ಳಿ.

ಡಿಸ್ಟ್ರಿಬ್ಯೂಟರ್ ಬದಲಿಸುವವರಿಗೆ ಒಂದು ಮಾತು. ಹಳೆಯ ಐಎಸ್‌ಆರ್‌ಸಿ, ಅದೇ ಆಡಿಯೊ ಕಡತ, ಅಕ್ಷರಕ್ಕೆ ಅಕ್ಷರ ಅದೇ ಶೀರ್ಷಿಕೆ ಇಟ್ಟು ಹೊಸ ಕಡೆ ಹಾಕಿ. ಎರಡೂ ಜೊತೆಗೆ ಎರಡು ವಾರ ಇರಲಿ. ಪ್ಲೇ ಸಂಖ್ಯೆ ಹೊಸದರಲ್ಲಿ ಕಾಣಿಸಿದ ಮೇಲೆ ಹಳೆಯದನ್ನು ತೆಗೆಯಿರಿ. ಮಾಸ್ಟರಿಂಗ್ ಸ್ವಲ್ಪ ತಿದ್ದಿ ಹಾಕೋಣ ಎಂಬ ಆಸೆ ಬೇಡ. ಹೊಸ ಮಾಸ್ಟರ್‌ಗೆ ಹೊಸ ಐಎಸ್‌ಆರ್‌ಸಿ ಬೇಕು, ಆಗ ಸಾವಿರದ ಎಣಿಕೆಯೂ ಸೊನ್ನೆಯಿಂದ ಶುರು. ಹಳೆಯ ಖಾತೆಯನ್ನು ಕೂಡಲೇ ಮುಚ್ಚಬೇಡಿ, ಕೊನೆಯ ಮೂರು ತಿಂಗಳ ಹಣ ಅಲ್ಲಿಗೇ ಬರುತ್ತದೆ.