ದಾವಣಗೆರೆಲಿ ಒಳ್ಳೆ ಬೆಣ್ಣೆ ದೋಸೆ ಹೋಟ್ಲು ಹುಡ್ಕೋದು ಹೆಂಗೆ

ನಮ್ಮೂರಿಗೆ ಬರೋರು ಬಸ್ ಇಳಿಯೋಕಿಂತ ಮುಂಚೆನೇ ಫೋನ್ ಮಾಡಿ ಕೇಳ್ತಾರೆ, ಬೆಣ್ಣೆ ದೋಸೆ ಯಾವ ಹೋಟ್ಲಲ್ಲಿ ಚೆನ್ನಾಗಿರುತ್ತೆ ಹೇಳ್ರಿ ಅಂತ. ಒಂದು ಹೆಸ್ರು ಹೇಳಿ ಕಳಿಸಬಹುದು, ಕಷ್ಟ ಏನಿಲ್ಲ, ಆದ್ರೆ ಒಂದೇ ಹೋಟ್ಲಲ್ಲಿ ಬೆಳಿಗ್ಗೆ ಎಂಟಕ್ಕೆ ತಿಂದ ದೋಸೆ ಬೇರೆ, ಹನ್ನೊಂದೂವರೆಗೆ ತಿಂದಿದ್ದು ಬೇರೆ, ಹುಯ್ಯೋರು ರಜಾ ಹಾಕಿ ಇನ್ನೊಬ್ರು ನಿಂತಿದ್ರೆ ಅದು ಇನ್ನೂ ಬೇರೆ. ಅದಕ್ಕೇ ಬೋರ್ಡ್ ನೋಡಿ ಒಳಗೆ ಹೋಗೋದು ಬಿಟ್ಟು ಒಲೆ ನೋಡಿ ಒಳಗೆ ಹೋಗೋದು ಅಭ್ಯಾಸ ಮಾಡ್ಕೊಳ್ರಿ ಅಂತ ನಾನು ಎಲ್ಲರಿಗೂ ಹೇಳೋದು. ಇಲ್ಲಿ ಬರೀತಿರೋದು ಅದನ್ನೇ, ಯಾವ ಏರಿಯಾದಿಂದ ಶುರು ಮಾಡ್ಬೇಕು, ಯಾರನ್ನ ಕೇಳ್ಬೇಕು, ಒಲೆ ಹತ್ರ ನಿಂತು ಏನೇನು ನೋಡ್ಬೇಕು ಅಂತ.

ಮೊದ್ಲು ಏನ್ ಬೇಕು ಅಂತ ನೀವೇ ಕ್ಲಿಯರ್ ಮಾಡ್ಕೊಳ್ರಿ. ಇಲ್ಲಿ ಹೋಟ್ಲಿಗೆ ಹೋದ್ರೆ ಬೆಣ್ಣೆ, ಖಾಲಿ, ಓಪನ್ ಅಂತ ಮೂರು ಥರ ಕೇಳ್ತಾರೆ. ಬೆಣ್ಣೆ ದೋಸೆ ಅಂದ್ರೆ ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಬೆಣ್ಣೆ. ಖಾಲಿ ದೋಸೆ ಪೂರ್ತಿ ಮೆತ್ತಗಿರುತ್ತೆ, ಬೆಣ್ಣೆ ಕಮ್ಮಿ, ಹಲ್ಲಿಲ್ಲದ ಅಜ್ಜಂದಿರಿಂದ ಹಿಡಿದು ಸಣ್ಣ ಹುಡುಗ್ರವರೆಗೂ ನಡೆಯುತ್ತೆ. ಓಪನ್ ಅಂದ್ರೆ ಮಡಚದೆ ಚಟ್ನಿಪುಡಿ ಉದುರಿಸಿ ಪಲ್ಯ ಮೇಲೆ ಇಟ್ಟು ಕೊಡೋದು. ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಅಷ್ಟೇ. ಸಾಂಬಾರ್ ಬಕೆಟ್ ಹಿಡ್ಕೊಂಡು ಬರೋ ಜಾಗ ಆದ್ರೆ ಅದು ಬೇರೆ ಥರದ ಹೋಟ್ಲು, ಅಲ್ಲಿ ಇಡ್ಲಿ ವಡೆ ಚೆನ್ನಾಗಿರಬಹುದು, ಆದ್ರೆ ನೀವು ಹುಡುಕ್ತಿರೋದು ಅದಲ್ಲ.

ಎಲ್ಲಿಂದ ಶುರು ಮಾಡೋದು ಅಂದ್ರೆ, ಹಳೆ ಊರು. ಗಡಿಯಾರ ಕಂಬದ ಸುತ್ತಮುತ್ತ, ವಸಂತ ಟಾಕೀಸ್ ಕಡೆ, ಮಂಡಿಪೇಟೆ, ಚೌಕಿಪೇಟೆ ಇವೆಲ್ಲ ನಡ್ಕೊಂಡೇ ಸುತ್ತೋ ಜಾಗ, ಗಾಡಿ ತಗೊಂಡು ಹೋದ್ರೆ ನಿಲ್ಸೋಕೆ ಜಾಗ ಹುಡ್ಕೋದ್ರಲ್ಲೇ ಹಸಿವು ಇಂಗಿ ಹೋಗುತ್ತೆ. ಈ ದೋಸೆ ಹುಟ್ಟಿದ್ದೇ ಆ ಕಡೆ ಅಂತ ಊರಲ್ಲಿ ಹೇಳ್ತಾರೆ, 1928ರಲ್ಲಿ ಬೆಳಗಾವಿ ಜಿಲ್ಲೆ ಕಡೆಯಿಂದ ಮಕ್ಕಳನ್ನ ಕಟ್ಕೊಂಡು ಬಂದ ಚೆನ್ನಮ್ಮ ಅನ್ನೋ ತಾಯಿ ವಸಂತ ಟಾಕೀಸ್ ಹತ್ರ ನಾಟಕದ ಥಿಯೇಟರ್ ಮುಂದೆ ರಾಗಿ ಹಿಟ್ಟಿನ ದೋಸೆ ಹುಯ್ದು ಮಾರೋಕೆ ಶುರು ಮಾಡಿದ್ರು, ಆಮೇಲೆ 1938ರ ಹೊತ್ತಿಗೆ ಅವ್ರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಸೇರಿಸಿ ಹಿಟ್ಟು ರುಬ್ಬೋಕೆ ಹತ್ತಿದ್ರು ಅಂತ. ಮಂಡಕ್ಕಿ ವಿಷ್ಯ ಆಮೇಲೆ ಮತ್ತೆ ಬರುತ್ತೆ, ನೆನಪಿಟ್ಕೊಳ್ರಿ. ಹಳೆ ಊರು ಆದ್ಮೇಲೆ ರೈಲ್ವೆ ಲೈನ್ ದಾಟಿ ಪಿ.ಬಿ. ರೋಡ್, ಡೆಂಟಲ್ ಕಾಲೇಜ್ ರೋಡ್, ಎಂಸಿಸಿ ಬ್ಲಾಕ್, ವಿದ್ಯಾನಗರ ಈ ಕಡೆ ನೋಡ್ರಿ. ಈ ಕಡೆ ಕೂರೋಕೆ ಜಾಗ ಜಾಸ್ತಿ, ಫ್ಯಾಮಿಲಿ ಕರ್ಕೊಂಡು ಹೋಗೋರಿಗೆ ಆರಾಮ.

ಹೆಸ್ರಿನ ಗೊಂದಲ ಒಂದಿದೆ. ಕೊಟ್ಟೂರೇಶ್ವರ ಅನ್ನೋ ಹೆಸ್ರು ಕೇಳೇ ಕೇಳ್ತೀರ. ಕೊಟ್ಟೂರು ತೇರಿಗೆ ಇಲ್ಲಿಂದ ಜನ ನಡ್ಕೊಂಡೇ ಹೋಗ್ತಾರೆ, ಅಷ್ಟು ಭಕ್ತಿ ಇರೋ ಊರಲ್ಲಿ ಅಂಗಡಿ ಹೋಟ್ಲಿಗೆ ಆ ಹೆಸ್ರು ಇಡೋದು ಸಹಜ. ಹಂಗಾಗಿ ಯಾರಾದ್ರೂ ಬರೀ ಹೆಸ್ರು ಹೇಳಿದ್ರೆ ಸುಮ್ನಾಗ್ಬೇಡ್ರಿ, ಯಾವ ಸರ್ಕಲ್ ಹತ್ರ, ಎದುರಿಗೆ ಏನೈತೆ, ಎಷ್ಟು ಹೊತ್ತಿಗೆ ಹೋದ್ರೆ ಸಿಗುತ್ತೆ ಅಂತ ಮೂರೂ ಕೇಳ್ರಿ.

ಫೋನಲ್ಲಿ ಮ್ಯಾಪ್ ನೋಡೋರು ಸ್ಟಾರ್ ನಂಬ್ಕೊಂಡು ಹೋಗೋದಕ್ಕಿಂತ ಫೋಟೋ ನೋಡ್ರಿ. ರಿವ್ಯೂನ ಹೊಸದು ಮೊದ್ಲು ಬರೋ ಹಂಗೆ ಹಾಕ್ಕೊಂಡು ಇತ್ತೀಚಿನ ಫೋಟೋಲಿ ದೋಸೆ ಬಣ್ಣ ನೋಡ್ರಿ, ಎಲ್ಲ ಫೋಟೋಲೂ ಒಂದೇ ಥರ ಹೊಂಬಣ್ಣ ಇದ್ರೆ ಹುಯ್ಯೋರ ಕೈ ಸರಿಯಾಗೈತೆ ಅಂತ ಅರ್ಥ, ಒಂದು ಕಪ್ಪು ಒಂದು ಬಿಳುಚು ಇದ್ರೆ ಅನುಮಾನ. ಐದು ಸ್ಟಾರ್ ಕೊಟ್ಟೋರು ಸೂಪರ್ ಅಂತ ಬರೆದು ಮುಗಿಸಿರ್ತಾರೆ, ಒಂದು ಸ್ಟಾರ್ ಕೊಟ್ಟೋರು ಸಪ್ಲೈಯರ್ ಮೇಲಿನ ಸಿಟ್ಟು ತೀರಿಸ್ಕೊಂಡಿರ್ತಾರೆ, ಮೂರು ಸ್ಟಾರ್ ಕೊಟ್ಟೋರೇ ಚಟ್ನಿ ನೀರಾಗಿತ್ತು, ಬೆಣ್ಣೆ ಕಮ್ಮಿ ಇತ್ತು ಅಂತ ಕೆಲಸಕ್ಕೆ ಬರೋ ಮಾತು ಬರೆದಿರ್ತಾರೆ.

ಮ್ಯಾಪ್‌ಗಿಂತ ಮನುಷ್ಯರೇ ಒಳ್ಳೇದು, ಆದ್ರೆ ಕೇಳೋ ರೀತಿಲಿ ಕೇಳ್ಬೇಕು. ಫೇಮಸ್ ಹೋಟ್ಲು ಯಾವ್ದಣ್ಣ ಅಂತ ಆಟೋದವ್ರನ್ನ ಕೇಳಿದ್ರೆ ಎಲ್ಲರಿಗೂ ಹೇಳೋ ಹೆಸ್ರೇ ನಿಮಗೂ ಹೇಳ್ತಾರೆ. ಅದೇ, ನೀವು ಬೆಳಿಗ್ಗೆ ಎಲ್ಲಿ ತಿಂತೀರಣ್ಣ ಅಂತ ಕೇಳಿ ನೋಡ್ರಿ, ಉತ್ರಾನೇ ಬೇರೆ ಬರುತ್ತೆ. ಎಪಿಎಂಸಿ ಹಮಾಲರು, ಬಟ್ಟೆ ಅಂಗಡಿಲಿ ಕೆಲಸ ಮಾಡೋರು, ಜೆಜೆಎಂ ಮೆಡಿಕಲ್ ಕಾಲೇಜು, ಬಿಐಇಟಿ ಇಂಜಿನಿಯರಿಂಗ್ ಕಾಲೇಜು ಹುಡುಗ್ರು ಇವ್ರೆಲ್ಲ ಸ್ವಂತ ದುಡ್ಡಲ್ಲಿ ವಾರದಲ್ಲಿ ನಾಕೈದು ದಿನ ಹೊರಗೆ ತಿನ್ನೋರು, ಹಾಸ್ಟೆಲ್ ಹುಡುಗ್ರಿಗೆ ಯಾವ ಹೋಟ್ಲಲ್ಲಿ ಪಲ್ಯ ಎರಡ್ನೇ ಸಲ ಕೇಳಿದ್ರೂ ಮುಖ ಗಂಟು ಹಾಕದೆ ಹಾಕ್ತಾರೆ ಅನ್ನೋದೂ ಗೊತ್ತಿರುತ್ತೆ. ವಯಸ್ಸಾದ ಯಜಮಾನ್ರು ಸಿಕ್ಕಿದ್ರೆ ಇನ್ನೂ ಒಳ್ಳೇದು, ಯಾವ ಹೋಟ್ಲು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಪೂರ್ತಿ ಕಥೆನೇ ಹೇಳ್ತಾರೆ, ಕೂತ್ಕೊಂಡು ಕೇಳ್ರಿ.

ಈಗ ಒಲೆ ವಿಷ್ಯ, ಇದೇ ಮುಖ್ಯ. ಇಲ್ಲಿ ಎಷ್ಟೋ ಹೋಟ್ಲಲ್ಲಿ ಒಲೆ ಮುಂದೇನೇ ಇರುತ್ತೆ, ಆರ್ಡರ್ ಕೊಡೋ ಮುಂಚೆ ಒಂದು ಒಬ್ಬೆ ಪೂರ್ತಿ ಆಗೋವರೆಗೂ ನಿಂತು ನೋಡ್ರಿ, ಯಾರೂ ಬೈಯಲ್ಲ. ಕಾವಲಿ ದಪ್ಪ ಕಬ್ಬಿಣದ್ದು, ವರ್ಷಗಟ್ಲೆ ಎಣ್ಣೆ ಬೆಣ್ಣೆ ಕುಡಿದು ಕಪ್ಪಗೆ ಹೊಳೀತಿರ್ಬೇಕು. ದಪ್ಪ ಯಾಕೆ ಅಂದ್ರೆ, ಒಂದೇ ಸಲಕ್ಕೆ ಎಂಟು ಹತ್ತು ದೋಸೆ ಹಿಟ್ಟು ಬಿದ್ರೂ ಅದರ ಕಾವು ಇಳಿಯಲ್ಲ, ತೆಳ್ಳನೆ ಕಾವಲಿ ಆದ್ರೆ ಹಿಟ್ಟು ಬಿದ್ದ ತಕ್ಷಣ ತಣ್ಣಗಾಗಿ ದೋಸೆ ಬೇಯೋ ಬದ್ಲು ಒಣಗುತ್ತೆ. ಸೌದೆ ಒಲೆ ಇದ್ರೆ ಬೆಂಕಿ ಅಡಿಲಿ ಅಗಲವಾಗಿ ಹರಡುತ್ತೆ, ಗ್ಯಾಸ್ ಆದ್ರೆ ಬರ್ನರ್ ಇರೋ ಕಡೆ ಮಾತ್ರ ಜೋರು, ಹಂಗಂತ ಗ್ಯಾಸಲ್ಲಿ ಒಳ್ಳೆ ದೋಸೆ ಆಗೋದೇ ಇಲ್ಲ ಅಂತ ನಾನು ಹೇಳಲ್ಲ, ಹುಯ್ಯೋರು ದೋಸೆನ ಜಾಗ ಬದಲಾಯಿಸ್ತಾ ಇದ್ರೆ ಅದನ್ನೂ ಸರಿ ಮಾಡ್ಕೊಂಡು ಹೋಗ್ತಾರೆ.

ಹಿಟ್ಟು ಹುಯ್ಯೋ ಮುಂಚೆ ನೀರು ಚಿಮುಕಿಸಿ ಪೊರಕೆಲಿ ಸವರ್ತಾರಲ್ಲ, ಆಗ ಕಣ್ಣಿಟ್ಟು ನೋಡ್ರಿ. ನೀರು ಚುಂಯ್ ಅಂದು ತಕ್ಷಣ ಆರಿದ್ರೆ ಕಾವು ಸರಿ. ನೀರಿನ ಹನಿ ಗುಂಡಗಾಗಿ ಕಾವಲಿ ಮೇಲೆ ಓಡಾಡ್ತಿದ್ರೆ ಕಾವು ಮಿತಿಮೀರೈತೆ, ಅಡಿಲಿ ಆವಿ ಪದರ ಕಟ್ಟಿ ಹನಿನ ಎತ್ತಿ ಹಿಡಿದಿರುತ್ತೆ, ಆಗ ಹುಯ್ದ ದೋಸೆ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತೆ. ಕೈ ಪಳಗಿದೋರು ಅಂಥ ಟೈಮಲ್ಲಿ ಇನ್ನೊಂದು ಸಲ ನೀರು ಹಾಕಿ ತಣಿಸಿ ಆಮೇಲೇ ಹುಯ್ತಾರೆ. ಜನ ಎಷ್ಟೇ ಕೂಗಾಡಿದ್ರೂ ಆ ಒಂದು ನಿಮಿಷ ತಗೊಳ್ಳೋ ಹೋಟ್ಲು ಸಿಕ್ಕಿದ್ರೆ ಅಲ್ಲೇ ಕೂತ್ಕೊಳ್ರಿ.

ಹಿಟ್ಟು ಹುಯ್ದ್ಮೇಲೆ ಸಣ್ಣ ಸಣ್ಣ ತೂತು ಸಮವಾಗಿ ಬರ್ಬೇಕು. ರಾತ್ರಿ ಪೂರ್ತಿ ಉಕ್ಕಿದ ಹಿಟ್ಟಿಗೆ ಅದು ತಾನಾಗೇ ಬರುತ್ತೆ. ದೊಡ್ಡ ದೊಡ್ಡ ತೂತು, ಸ್ವಲ್ಪ ಹಳದಿ ಬಣ್ಣ, ತಿಂದಾಗ ಸೋಪಿನಂಥ ರುಚಿ ಇದ್ರೆ ಸೋಡಾ ಜಾಸ್ತಿ ಬಿದ್ದೈತೆ. ಇನ್ನು ಮಂಡಕ್ಕಿ. ಮಂಡಕ್ಕಿ ಅಂದ್ರೆ ಮೊದ್ಲೇ ಬೆಂದು ಅರಳಿದ ಅಕ್ಕಿ ಅಲ್ವಾ, ಅದನ್ನ ನೆನೆಸಿ ರುಬ್ಬಿದ್ರೆ ನೀರು ಚೆನ್ನಾಗಿ ಹಿಡ್ಕೊಳ್ಳುತ್ತೆ, ಅದಕ್ಕೇ ಹೊರಗೆ ಗರಿ ಆದ್ರೂ ಒಳಗೆ ಮೆತ್ತಗೆ ಉಳಿಯೋದು. ಮಂಡಕ್ಕಿ ಭಟ್ಟಿಗಳಿರೋ ಊರಲ್ಲಿ ಅದಕ್ಕೆ ಬರ ಇಲ್ಲ. ದೋಸೆ ನಡುವಿನ ತುಂಡು ಮುರಿದು ಎರಡು ಬೆರಳಲ್ಲಿ ಒತ್ತಿ ಬಿಡ್ರಿ, ಮತ್ತೆ ಮೇಲೆದ್ರೆ ಹಿಟ್ಟಿನ ಹದ ಸರಿ, ಹಂಗೇ ಚಪ್ಪಟೆ ಅಂಟ್ಕೊಂಡ್ರೆ ಬೆಂದಿಲ್ಲ ಇಲ್ಲಾ ಹಿಟ್ಟು ಸರಿ ಇಲ್ಲ. ಕೆಲವು ಕಡೆ ಬಣ್ಣ ಬರ್ಲಿ ಅಂತ ಸಕ್ಕರೆ ಹಾಕ್ತಾರೆ, ಜಾಸ್ತಿ ಆದ್ರೆ ನಾಲಿಗೆಗೆ ತಕ್ಷಣ ಗೊತ್ತಾಗುತ್ತೆ, ನನಗಂತೂ ಆ ಸಿಹಿ ಹಿಡಿಸಲ್ಲ.

ಬೆಣ್ಣೆ ಬಗ್ಗೆ ಯಾವ ರಿಯಾಯ್ತಿನೂ ಕೊಡ್ಬೇಡ್ರಿ. ಉಪ್ಪಿಲ್ಲದ ಬಿಳಿ ಬೆಣ್ಣೆ ಮುದ್ದೆ ಕಣ್ಣಿಗೆ ಕಾಣೋ ಹಂಗೆ ಪಾತ್ರೆಲಿ ಇರ್ಬೇಕು. ಬೆಣ್ಣೆಲಿ ಕೊಬ್ಬಿನ ಜೊತೆ ನೀರು, ಹಾಲಿನ ಅಂಶ ಇರುತ್ತೆ, ಕಾವಲಿಗೆ ಬಿದ್ದ ತಕ್ಷಣ ನೊರೆ ಬಂದು ಪಟಪಟ ಅನ್ನುತ್ತೆ, ಆ ಹಾಲಿನ ಅಂಶ ಕೆಂಪಾಗೋವಾಗ ಬರೋ ಘಮ ರಸ್ತೆವರೆಗೂ ಬರುತ್ತೆ. ಡಾಲ್ಡಾಲಿ ನೀರೂ ಇಲ್ಲ ಹಾಲೂ ಇಲ್ಲ, ಸುಮ್ನೆ ಎಣ್ಣೆ ಹಂಗೆ ಕರಗಿ ಹರಡುತ್ತೆ. ಮಾರ್ಗರಿನ್ ಆದ್ರೆ ಅದ್ರಲ್ಲೂ ನೀರಿರೋದ್ರಿಂದ ನೊರೆ ನೋಡಿ ಮೋಸ ಹೋಗ್ಬಹುದು, ಅಲ್ಲಿ ಘಮ ಮತ್ತೆ ಬಾಯಿ ನಂಬ್ರಿ. ಬೆಣ್ಣೆ ಬಾಯಿ ಬಿಸಿಗೇ ಕರಗಿ ಹೋಗುತ್ತೆ, ತಿಂದು ಐದು ನಿಮಿಷ ಆದ್ಮೇಲೂ ಅಂಗುಳಲ್ಲಿ ಮೇಣ ಸವರಿದ ಹಂಗೆ ಅಂಟು ಉಳಿದಿದ್ರೆ ಅದು ಬೆಣ್ಣೆ ಅಲ್ಲ. ಅಂಥ ಕಡೆ ಎರಡ್ನೇ ಸಲ ಹೋಗೋದೇ ಬೇಡ, ಬೆಣ್ಣೆ ಹೆಸ್ರು ಹೇಳಿ ದುಡ್ಡು ತಗೊಂಡು ಬೇರೇದು ಹಾಕೋದು ಈ ಊರಿಗೇ ಮಾಡೋ ಅನ್ಯಾಯ.

ಚಟ್ನಿ ತೆಳ್ಳಗೆ, ಬಿಳಿ, ಹಸಿಮೆಣಸಿನಕಾಯಿ ಖಾರ ಚುರುಕಾಗಿ. ಬೆಣ್ಣೆ ಜಿಡ್ಡು ಕಡಿಯೋಕೆ ಆ ಖಾರ ಬೇಕೇ ಬೇಕು. ಕಾಯಿ ಚಟ್ನಿ ಬಿಸಿಲಿಗೆ ಬೇಗ ಹಳಸುತ್ತೆ, ಅದಕ್ಕೆ ಮಾರ್ಚ್‌ನಿಂದ ಮೇ ತಿಂಗಳಲ್ಲಿ ಮೊದ್ಲು ಮೂಸಿ ನೋಡಿ ಆಮೇಲೆ ಅದ್ದಿಕೊಳ್ರಿ. ಚೂರು ಚೂರೇ ರುಬ್ಬಿ ತರೋ ಹೋಟ್ಲು ಆದ್ರೆ ಒಳಗಿಂದ ಗ್ರೈಂಡರ್ ಸದ್ದು ಆಗಾಗ ಕೇಳ್ತಾ ಇರುತ್ತೆ. ಪಲ್ಯಕ್ಕೆ ಅರಿಶಿನ ಇಲ್ಲ, ಆಲೂಗಡ್ಡೆ ಈರುಳ್ಳಿ ಮೆತ್ತಗೆ ಬೆಂದಿರ್ಬೇಕು, ಸಪ್ಪೆ ಅನ್ಸಿದ್ರೆ ಅದು ಹಂಗೇ ಇರೋದು, ಖಾರ ಎಲ್ಲ ಚಟ್ನಿದೇ ಕೆಲಸ.

ಟೈಮ್. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳಗೆ ಹೋಗ್ರಿ. ಕಾವಲಿ ಎರಡು ಮೂರು ಒಬ್ಬೆ ಆಗಿ ಹದಕ್ಕೆ ಬಂದಿರುತ್ತೆ, ಹಿಟ್ಟೂ ಹುಳಿ ಹತ್ತಿರಲ್ಲ. ಬ್ಯಾಸಿಗೆಲಿ ಹನ್ನೊಂದರ ಮೇಲೆ ಹೋದ್ರೆ ಹೊರಗಿಟ್ಟ ಹಿಟ್ಟು ಹುಳಿ ಆಗೋದು ಖಂಡಿತ. ಚಳಿಗಾಲದಲ್ಲಿ ಉಲ್ಟಾ, ಹಿಟ್ಟು ಉಕ್ಕೋದೇ ನಿಧಾನ, ಹಂಗಾಗಿ ಡಿಸೆಂಬರ್‌ನಲ್ಲಿ ತೀರಾ ಬೇಗ ಹೋಗೋದು ಬೇಡ. ಸಂಜೆ ಬೇರೆ ಹಿಟ್ಟು ಹದ ಮಾಡಿಟ್ಟು ಮತ್ತೆ ಒಲೆ ಹಚ್ಚೋ ಹೋಟ್ಲುಗಳೂ ಅವೆ, ಬೆಳಗಿನದನ್ನೇ ಎಳ್ಕೊಂಡು ಬರೋರೂ ಅವ್ರೆ, ಕೇಳಿ ತಿಳ್ಕೊಳ್ರಿ. ಭಾನುವಾರ ರಶ್ ಇರುತ್ತೆ, ಹೋಟ್ಲು ಪರೀಕ್ಷೆ ಮಾಡೋಕೆ ಅದು ಸರಿಯಾದ ದಿನ ಅಲ್ಲ. ಮಂಗಳವಾರ ಬುಧವಾರದಂಥ ಸಾದಾ ದಿನ ಹೋಗಿ ತಿಂದು ನೋಡ್ರಿ, ಆಮೇಲೆ ನೆಂಟ್ರನ್ನ ಕರ್ಕೊಂಡು ಹೋಗ್ರಿ.

ಹೊಸ ಹೋಟ್ಲಿಗೆ ಹೋದಾಗ ಮೊದ್ಲು ಒಂದು ಖಾಲಿ ತಗೊಳ್ರಿ. ಬೆಣ್ಣೆ ಕಮ್ಮಿ ಇರೋದ್ರಿಂದ ಹಿಟ್ಟಿನ ನಿಜವಾದ ರುಚಿ ಅಲ್ಲೇ ಸಿಗುತ್ತೆ, ಅದು ಚೆನ್ನಾಗಿದ್ರೆ ಬೆಣ್ಣೆ ದೋಸೆ ಕೇಳ್ರಿ. ಒಂದೇ ದಿನ ನಾಕು ಹೋಟ್ಲು ಸುತ್ತೋಕೆ ಹೋಗ್ಬೇಡ್ರಿ, ಎರಡ್ನೇ ಕಡೆ ಹೋಗೋ ಹೊತ್ತಿಗೆ ಹೊಟ್ಟೆ ತುಂಬಿ ಎಲ್ಲಾ ಒಂದೇ ಥರ ಅನ್ಸುತ್ತೆ. ಕ್ಲೀನ್ ವಿಷ್ಯದಲ್ಲಿ, ಗೋಡೆ ಹೊಗೆ ಹಿಡಿದು ಕಪ್ಪಾಗಿದ್ರೆ ಚಿಂತೆ ಇಲ್ಲ, ತಟ್ಟೆ ತೊಳೆಯೋ ನೀರು ಮತ್ತೆ ಕುಡಿಯೋ ನೀರು ನೋಡ್ರಿ, ಗೋಡೆಲಿ 14 ಅಂಕಿಯ ಎಫ್ಎಸ್ಎಸ್ಎಐ (ಆಹಾರ ಸುರಕ್ಷತೆ ಲೈಸೆನ್ಸ್) ನಂಬರ್ ಹಾಕಿರ್ತಾರೆ, ಅದೂ ಇರ್ಬೇಕು.

ಚಿತ್ರದುರ್ಗದವ್ರು ಹೈವೇಲಿ ಒಂದು ಗಂಟೆ ದಾರಿ, ಬೆಳಿಗ್ಗೆ ಆರೂವರೆಗೆ ಹೊರಟ್ರೆ ತಿಂಡಿ ಟೈಮಿಗೆ ಇಲ್ಲಿರ್ತೀರ. ದಾರಿ ಉದ್ದಕ್ಕೂ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಕಾಣುತ್ತೆ, ಬೆಂಗಳೂರಲ್ಲೂ ಗಲ್ಲಿಗೊಂದು ಐತೆ, ಅಲ್ಲೂ ಇದೇ ಪರೀಕ್ಷೆ ನಡೆಯುತ್ತೆ, ಕಾವಲಿ, ಬಿಳಿ ಬೆಣ್ಣೆ, ಚಟ್ನಿ ಖಾರ. ಬೆಣ್ಣೆ ಸರಿ ಇದ್ದು, ಉಳಿದೆರಡರಲ್ಲಿ ಒಂದು ಸರಿ ಇದ್ರೂ ಕೂತ್ಕೊಳ್ರಿ.

ಪಾರ್ಸಲ್ ಮಾತ್ರ ನಾನು ಯಾರಿಗೂ ಹೇಳಲ್ಲ, ಕಟ್ಟಿದ ಹತ್ತು ನಿಮಿಷಕ್ಕೆ ಆವಿಗೆ ಗರಿ ಎಲ್ಲ ಹೋಗುತ್ತೆ. ಮನೇಲಿ ನಡೆಯೋಕಾಗದ ಅಜ್ಜಿ ಇದ್ದು ಒಯ್ಯಲೇಬೇಕು ಅಂದ್ರೆ ಖಾಲಿ ದೋಸೆ ಕಟ್ಟಿಸ್ಕೊಳ್ರಿ, ಬೆಣ್ಣೆ ಬೇರೆ, ಚಟ್ನಿ ಬೇರೆ ಕೊಡಣ್ಣ ಅಂತ ಹೇಳ್ರಿ, ಮನೆಗೆ ಹೋಗಿ ಕಾವಲಿ ಮೇಲೆ ಅರ್ಧ ನಿಮಿಷ ಬಿಸಿ ಮಾಡಿ ಬೆಣ್ಣೆ ಆಗ ಹಾಕಿ ಕೊಡ್ರಿ.