ಇಯರ್‌ಫೋನ್‌ನಲ್ಲಿ ತಂಬೂರಿ ಕೇಳಿಸದಿದ್ದಾಗ ನಾನು ಮಾಡಿದ್ದು

ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಓಡಾಡುವಾಗ ನನಗೆ ಹಾಡು ಬೇಕೇ ಬೇಕು. ಹೊಸ ಇಯರ್‌ಫೋನ್‌ನಲ್ಲಿ ಮಲ್ಲಿಕಾರ್ಜುನ ಮನಸೂರರ ದನಿ ಚೆನ್ನಾಗಿ ಬರ್ತಿತ್ತು, ಆದರೆ ಹಿಂದೆ ತಂಬೂರಿಯ ಖರ್ಜ ತಂತಿ (ಎಲ್ಲಕ್ಕಿಂತ ಕೆಳದನಿಯದು) ಮಾಯ, ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಅಂದ್ರೆ ಬರೀ ಟಕ್ ಟಕ್. ಎಡಗಿವಿಯದು ಪದೇ ಪದೇ ಜಾರುತ್ತಿತ್ತು.

ಹಾಡು ನಡೆಯುತ್ತಿರುವಾಗಲೇ ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದೆ. ತಕ್ಷಣ ಡಗ್ಗಾದ ಗುಮುಕು ತುಂಬಿ ಬಂತು! ಅಂದರೆ ಯಂತ್ರದಲ್ಲಿ ದೋಷವಿಲ್ಲ, ಕಿವಿ ಮತ್ತು ಇಯರ್‌ಫೋನ್ ತುದಿಯ ರಬ್ಬರ್ ನಡುವೆ ಸಂದಿ ಉಳಿದಿದೆ, ಕೆಳದನಿಯೆಲ್ಲ ಅಲ್ಲೇ ಸೋರಿ ಹೋಗ್ತಿದೆ. ಡಬ್ಬಿಯಲ್ಲಿದ್ದ ದೊಡ್ಡ ರಬ್ಬರ್ ಎಡಕ್ಕೆ ಹಾಕಿದೆ, ಬಲಕ್ಕೆ ನಡುವಿನ ಅಳತೆಯದೇ ಸಾಕಾಯಿತು. ಎರಡೂ ಕಿವಿ ಒಂದೇ ಅಳತೆ ಇರಬೇಕು ಅಂತೇನಿಲ್ಲ ಅಲ್ವಾ? ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದರೆ ಸರಿಯಾಗಿ ಕೂರುತ್ತದೆ.

ಒಂದು ಕಡೆ ದನಿ ಕಡಿಮೆಯಾದರೆ ರಬ್ಬರ್ ಒಳಗೆ ದನಿ ಹೊರಬರುವ ಜಾಲರಿ ನೋಡಿ. ಕಿವಿಯ ಕೊಳೆ ಕಟ್ಟಿರುತ್ತದೆ. ರಬ್ಬರ್ ತೆಗೆದು, ಜಾಲರಿ ಕೆಳಮುಖವಾಗಿ ಹಿಡಿದು, ಒಣಗಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ನೀರು, ಪಿನ್ನು ಬೇಡವೇ ಬೇಡ.

ನನಗೆ ಇದರಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಬೇರೆಯೇ: ರಬ್ಬರ್ ಸರಿಯಾಗಿ ಕೂತು ಹೊರಗಿನ ಗದ್ದಲ ತಗ್ಗಿದ ಮೇಲೆ ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ದನಿ ಏರಿದಷ್ಟೂ ಆ ಹೊತ್ತು ಬೇಗ ಇಳಿಯುತ್ತದೆ. ರಸ್ತೆ ದಾಟುವಾಗ ಮಾತ್ರ ದಯವಿಟ್ಟು ತೆಗೆದುಬಿಡಿ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲೋ ಆನ್‌ಲೈನಲ್ಲೋ ಕೊಳ್ಳುವಾಗ ಬೆಲೆಗಿಂತ ಮೊದಲು ಎಷ್ಟು ಅಳತೆಯ ರಬ್ಬರ್ ಕೊಡ್ತಾರೆ ಅಂತ ಕೇಳಿ.