ಉತ್ತರ ವಾಪಸ್ ಬರುವಂಥ ವಿಳಾಸ: ನಮ್ಮ ಮೇಲ್ ಗೇಟ್‌ವೇ ಸರಿಹೋದ ಬಗೆ

ಕಂಪನಿಯ ಒಳಗೆ ಡೆಕ್‌ನೆಟ್ (ಡಿಜಿಟಲ್ ಕಂಪನಿಯ ಜಾಲ), ಹೊರಗೆ ಇಂಟರ್ನೆಟ್, ನಡುವೆ ಅತ್ತಿತ್ತ ಪತ್ರ ದಾಟಿಸುವ ಗೇಟ್‌ವೇ ಆಗಿ ಒಂದು ಯುನಿಕ್ಸ್ ಯಂತ್ರ. 1991ರ ಸುಮಾರಿಗೆ ನನ್ನ ಕೈಗೆ ಬಂದದ್ದು ಇಷ್ಟು. ಹೊರಗಿನವರು ನಮಗೆ ಬರೆಯಲು 'ಬಳಕೆದಾರ%ಯಂತ್ರ@ಗೇಟ್‌ವೇ' ಎಂದು ಹಾಕಬೇಕಿತ್ತು. ಫೋನ್ ಲೈನ್ ಮೇಲೆ ಯಂತ್ರದಿಂದ ಯಂತ್ರಕ್ಕೆ ಪತ್ರ ದಾಟಿಸುವ ಯುಯುಸಿಪಿ ಕಡೆಯವರಾದರೆ ದಾರಿಯ ಯಂತ್ರಗಳ ನಡುವೆ ಎರಡು ಮೂರು ಆಶ್ಚರ್ಯ ಚಿಹ್ನೆ ಬೇರೆ. ಯುನಿಕ್ಸ್‌ನಲ್ಲಿ ಆಜ್ಞೆ ಟೈಪ್ ಮಾಡುವ ಸಿ ಶೆಲ್‌ನಲ್ಲಿ ಆ ಚಿಹ್ನೆಗೆ ಬೇರೆ ಅರ್ಥ, ಹಾಗಾಗಿ ಅದಕ್ಕೂ ಮೊದಲು ಒಂದೊಂದು ಬ್ಯಾಕ್‌ಸ್ಲ್ಯಾಷ್!

ಹೊರಗಿನವರಿಗೆ ಒಂದೇ ಡೊಮೇನ್ ಕಾಣಲಿ, ದಾರಿ ಹುಡುಕುವ ಕೆಲಸ ಗೇಟ್‌ವೇ ನೋಡಿಕೊಳ್ಳಲಿ ಎಂದೆ. ಜೊತೆಯವರು ಒಪ್ಪಲಿಲ್ಲ. "ಹೋಗೋದು ಹೋಗುತ್ತೆ, ಉತ್ತರ ಬರಲ್ಲ" ಅಂದರು. ಮೊದಲ ಮೂರು ತಿಂಗಳು ಅವರ ಮಾತೇ ನಿಜವಾಯಿತು.

ಕಳಿಸಿದವರ ಹೆಸರು 'ಯಂತ್ರ::ಬಳಕೆದಾರ' ಎಂದೇ ಹೊರಗೆ ಹೋಗುತ್ತಿತ್ತು. ಆಗ ಇಂಟರ್ನೆಟ್ ಪತ್ರದ ರೂಪ ಹೇಳುತ್ತಿದ್ದ ಆರ್‌ಎಫ್‌ಸಿ 822ರಲ್ಲಿ ಕೋಲನ್‌ಗೆ ಬೇರೆ ಅರ್ಥ ಇದೆ, ಹಾಗಾಗಿ ಅತ್ತಲಿನ ಯಂತ್ರಗಳು ಉತ್ತರವನ್ನೇ ತಿರಸ್ಕರಿಸಿದವು. ನಾನು ಪರೀಕ್ಷೆ ಮಾಡಿದ್ದು ನಮ್ಮದೇ ಗೇಟ್‌ವೇಯಿಂದ. ಅಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಅದಕ್ಕಿಂತ ಜಾಸ್ತಿ ಕಾಡಿದ್ದು 'ಅ!ಬ@ಕ' ಥರದ ವಿಳಾಸ. ಇಂಟರ್ನೆಟ್ ಯಂತ್ರ ಮೊದಲು 'ಕ'ಗೆ ಕಳಿಸುತ್ತದೆ, ಹಳೆಯ ಯುಯುಸಿಪಿ ಯಂತ್ರ ಮೊದಲು 'ಅ'ಗೆ. ಒಂದು ಶನಿವಾರ ರಾತ್ರಿ ನಮ್ಮ ಗೇಟ್‌ವೇ, ಪಕ್ಕದ ಇನ್ನೊಂದು ಗೇಟ್‌ವೇ ಎರಡೂ ಒಂದೇ ಪತ್ರವನ್ನು ಅತ್ತಿತ್ತ ಎಸೆದುಕೊಂಡವು. ತಲುಪದ ಪತ್ರದ ಸುದ್ದಿಗೂ ಕಳಿಸಿದವರ ಹೆಸರು ಹಾಕಿದ್ದೆ, ಹಾಗಾಗಿ ಆ ಸುದ್ದಿಯೂ ತಲುಪಲಿಲ್ಲವೆಂದು ಮತ್ತೊಂದು ಸುದ್ದಿ ಹೊರಟಿತು. ಮೋಡೆಮ್ ಸೋಮವಾರ ಬೆಳಿಗ್ಗೆವರೆಗೆ ದೂರದ ಊರಿಗೆ ಫೋನ್ ಮಾಡುತ್ತಲೇ ಇತ್ತು. ಆ ತಿಂಗಳ ಬಿಲ್ ಸುಮಾರು ನಾಲ್ಕು ಪಟ್ಟು. ಸೆಕೆಂಡಿಗೆ 2400 ಬಿಟ್ ವೇಗದಲ್ಲಿ ಒಂದು ಮೆಗಾಬೈಟ್‌ಗೆ ಒಂದೂಕಾಲು ಗಂಟೆ ಹಿಡಿಯುತ್ತದೆ, ಲೆಕ್ಕ ಹಾಕಿಕೊಳ್ಳಿ. ಈ ಕೆಲಸ ನಿಲ್ಲಿಸು ಎಂದು ಮೇಲಿನವರು ಹೇಳಿಯೇಬಿಟ್ಟರು. ನಾನು ಎರಡು ವಾರ ಕೇಳಿಕೊಂಡೆ.

ಆ ಎರಡು ವಾರದಲ್ಲೇ ಹಾದಿ ಸಿಕ್ಕಿತು. ಪತ್ರ ಸಾಗಿಸುವ ತಂತ್ರಾಂಶ ಸೆಂಡ್‌ಮೇಲ್‌ನ ಐಡಿಎ ಆವೃತ್ತಿ ಹಾಕಿದೆ. ಅದರಲ್ಲಿ ಲಕೋಟೆಯ (ಸಾಗಿಸುವ ಯಂತ್ರಗಳು ನೋಡುವ) ವಿಳಾಸಕ್ಕೂ ಪತ್ರದ ತಲೆಯ (ಓದುವವರಿಗೆ ಕಾಣುವ) ವಿಳಾಸಕ್ಕೂ ಬೇರೆ ಬೇರೆ ನಿಯಮ ಬರೆಯಬಹುದು, ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡಿಬಿಎಂ ಪಟ್ಟಿಯನ್ನೂ ನೋಡಬಹುದು. ಒಳಬಂದ ಪ್ರತಿ ವಿಳಾಸವನ್ನೂ ಸೆಂಡ್‌ಮೇಲ್ ಮೊದಲು ಓಡಿಸುವ ಮೂರನೇ ನಿಯಮಗುಂಪಿನಲ್ಲೇ ಒಂದೇ ರೂಪಕ್ಕೆ ತಂದೆ. ಹೊರಗೆ ಹೋಗುವಾಗ ಕಳಿಸಿದವರ ಹೆಸರನ್ನು ಪಟ್ಟಿ ನೋಡಿ ಬದಲಿಸಿದೆ. ತಲುಪದ ಪತ್ರದ ಸುದ್ದಿಗೆ ಕಳಿಸಿದವರ ಜಾಗ ಖಾಲಿ ಬಿಟ್ಟೆ, ಅದಕ್ಕೆ ಮತ್ತೊಂದು ಸುದ್ದಿ ಹೊರಡದಂತೆ. ನಮ್ಮ ಡೊಮೇನ್‌ನ ಪತ್ರ ಯಾವ ಯಂತ್ರಕ್ಕೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಹಾಕಿದ ಮೇಲೆ ಹೊರಗಿನವರಿಗೆ ಪರ್ಸೆಂಟ್ ಚಿಹ್ನೆ ಬೇಕಾಗಲೇ ಇಲ್ಲ. ಒಂದೇ ಹೆಸರಿನ ಇಬ್ಬರನ್ನು ಹೇಗೆ ಬೇರೆ ಮಾಡಿದೆ ಎನ್ನುವ ಆ ನಾಲ್ಕು ಸಾಲು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ತಿಂಗಳ ನಿದ್ದೆ ಹೋಗಿದೆ.

ಮಧ್ಯೆ ಸುಮ್ನೆ ಕುತೂಹಲಕ್ಕೆ ಪತ್ರವನ್ನು ತುಣುಕಾಗಿ ಸಾಗಿಸುವ ಯುಯುಸಿಪಿಯ ಜಿ ಪ್ರೋಟೋಕಾಲ್‌ನಲ್ಲಿ ವಿಂಡೋವನ್ನು, ಅಂದರೆ ಸ್ವೀಕೃತಿಗೆ ಕಾಯದೆ ಕಳಿಸುವ ತುಣುಕುಗಳ ಸಂಖ್ಯೆಯನ್ನು, 3ರಿಂದ 7ಕ್ಕೆ ಏರಿಸಿ ನೋಡಿದೆ. ಒಳ್ಳೆಯ ಲೈನ್‌ನಲ್ಲಿ ವೇಗ ಸ್ವಲ್ಪ ಹೆಚ್ಚಿತು, ಗದ್ದಲದ ಲೈನ್‌ನಲ್ಲಿ ಇನ್ನೂ ಕೆಟ್ಟಿತು. ನಿಜವಾದ ಉಳಿತಾಯ ಬಂದದ್ದು ಟೆಲಿಬಿಟ್ ಟ್ರೈಲ್‌ಬ್ಲೇಜರ್ ಮೋಡೆಮ್‌ನಿಂದ. ಜಿ ಪ್ರೋಟೋಕಾಲ್‌ನ ಸ್ವೀಕೃತಿಯನ್ನು ಅದು ತಾನೇ ಸ್ಥಳದಲ್ಲೇ ಕೊಡುತ್ತಿತ್ತು, ದೂರದ ಯಂತ್ರದ ಸ್ವೀಕೃತಿಗೆ ಕಾಯಬೇಕಿರಲಿಲ್ಲ. ದುಬಾರಿಯಾದರೂ ಏಳೆಂಟು ತಿಂಗಳ ಬಿಲ್‌ನಲ್ಲಿ ಅದರ ಬೆಲೆ ವಾಪಸ್ ಬಂತು.

ಕಾಂಪ್ಯುಸರ್ವ್ ಎಂಬ ಆನ್‌ಲೈನ್ ಸೇವೆಯ ಗ್ರಾಹಕರ ಸಂಖ್ಯೆಯಲ್ಲಿ ಅಲ್ಪವಿರಾಮ ಇರುತ್ತಿತ್ತು. ಅದನ್ನು ಚುಕ್ಕಿ ಮಾಡದಿದ್ದರೆ ಒಂದು ವಿಳಾಸ ಎರಡಾಗುತ್ತದೆ. ನಮ್ಮವರು ಹೇಗೆ ಬರೆದರೂ ಸರಿಹೋಗುವಂತೆ ಅದಕ್ಕೂ ಒಂದು ನಿಯಮ ಹಾಕಿದೆ.

ಹಳೆಯ ಪರ್ಸೆಂಟ್ ದಾರಿಯನ್ನು ಬಹಳ ವರ್ಷ ತೆರೆದೇ ಇಟ್ಟಿದ್ದೆ. ಕೊನೆಗೆ ಕಸದ ಮೇಲ್ ಕಳಿಸುವವರು ಅದರಲ್ಲೇ ನುಗ್ಗತೊಡಗಿದರು. 1998ರಲ್ಲಿ ಸೆಂಡ್‌ಮೇಲ್ 8.9 ಹಾಕಿದಾಗ ಮುಚ್ಚಿದೆ. ಲಾಗ್ ನೋಡಿದರೆ ಆ ದಾರಿಯಲ್ಲಿ ನಿಜವಾದ ಪತ್ರ ಬರೆಯುತ್ತಿದ್ದವರು ಇಬ್ಬರೇ ಉಳಿದಿದ್ದರು. ಇಬ್ಬರಿಗೂ ಫೋನ್ ಮಾಡಿ ಹೊಸ ವಿಳಾಸ ಬರೆಸಿದೆ.